ಕವಡೆ ಕಟ್ಟಿದ ದಾರ

ಮಕ್ಕಳ ಆಸ್ಪತ್ರೆಯ ತಪಾಸಣೆಗೆ ಬಂದ ಅಧಿಕಾರಿ, ಉಸಿರಾಟದ ಯಂತ್ರದ ಹಿಡಿಗೆ ಕಟ್ಟಿದ್ದ ಕಪ್ಪು ದಾರವನ್ನೂ ಅದರಲ್ಲಿದ್ದ ಕವಡೆಯನ್ನೂ ನೋಡಿ ನಿಂತರು.

"ಇದೇನಮ್ಮ?"

ಹಾಸಿಗೆಯ ಪಕ್ಕ ಕೂತಿದ್ದ ತಾಯಿ ಎದ್ದಳು. "ದೃಷ್ಟಿ ಆಗದಿರ್ಲಿ ಅಂತ ನಾನೇ ಕಟ್ಟಿದೆ ಸಾರ್. ನಿನ್ನೆ ಈ ಮಿಷನ್ ಬಂದ್ಮೇಲೇ ನನ್ನ ಕೂಸು ಸರಿಯಾಗಿ ಉಸಿರಾಡ್ತಿರೋದು."

"ನಮ್ಮ ಆಸ್ಪತ್ರೆಗೇ ಅಂತ ತರಿಸಿದ್ದು ಸಾರ್," ಎಂದರು ಮುಖ್ಯ ವೈದ್ಯರು.

ಅಧಿಕಾರಿ ಬೆನ್ನು ತಟ್ಟಿದರು, ಸಹಿ ಹಾಕಿದರು, ಹೋಳಿಗೆ ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆದರು. ಸಂಜೆ ಪಕ್ಕದ ಊರಿನ ಮಕ್ಕಳ ಆಸ್ಪತ್ರೆಗೆ ಹೋದರು.

"ಉಸಿರಾಟದ ಮಿಷನ್ ಇದೆಯೇನ್ರೀ?"

"ಬನ್ನಿ ಸಾರ್, ಹೊಚ್ಚ ಹೊಸದು," ಎಂದು ಅಲ್ಲಿನ ವೈದ್ಯರು ಪರದೆ ಸರಿಸಿದರು.

ಯಂತ್ರದ ಹಿಡಿಯಲ್ಲಿ ಆ ತಾಯಿಯ ಕವಡೆ ಇನ್ನೂ ತೂಗಾಡುತ್ತಿತ್ತು.