ಕಾವೇರಮ್ಮನ ಮಂಡಿನೋವು

ಕೇಳಿದ ಪ್ರಶ್ನೆಗೆ ಉತ್ತರ ತಲೆಯ ಮುಂದಿನ ಕಪಾಟಿನಲ್ಲೇ ಇದ್ದರೆ, ಈಗ ಎಲ್ಲರ ಕಿವಿಯ ಹಿಂದೆಯೂ ಕೂರಿಸಿರುವ ನೆನಪಿನ ಮೀಟರು ಸುಮ್ಮನಿರುತ್ತದೆ. ಹಿಂದಿನ ಉಗ್ರಾಣಕ್ಕೆ ಹೋಗಿ ಹುಡುಕಬೇಕಾದರೆ ಟಿಕ್ ಎನ್ನುತ್ತದೆ. ಹೆಣ್ಣು ನೋಡಲು ಬಂದ ಗಂಡಿನ ಜಾತಕ ಬಿಚ್ಚುವ ಮೊದಲು ಈಗ ಎಲ್ಲರೂ ಟಿಕ್ಕುಗಳನ್ನೇ ಎಣಿಸುತ್ತಾರೆ.

ಸುಧನ್ವನ ತಾಯಿ ಕಾರಿನಲ್ಲಿ ದಾರಿಯುದ್ದಕ್ಕೂ ಅವನಿಗೆ ಗೋತ್ರ, ನಕ್ಷತ್ರ, ಸೋದರತ್ತೆಯರ ಹೆಸರು ಬಾಯಿಪಾಠ ಮಾಡಿಸಿದ್ದರು. ಹುಡುಗಿ ವಾಗ್ದೇವಿಯ ಅಜ್ಜಿ ಕಾವೇರಮ್ಮನಿಗೆ ಈ ಉಪಾಯ ಗೊತ್ತಿತ್ತು. ಅವರು ಏನನ್ನೂ ಕೇಳದೆ, ಉಪ್ಪಿಟ್ಟು ಕೊಟ್ಟು, ತಮ್ಮ ಮಂಡಿನೋವಿನ ಕಥೆ ಶುರುಮಾಡಿದರು. ಬಾಯಿಪಾಠವೆಲ್ಲ ಕಪಾಟಿನಿಂದ ಆಚೆ ಬೀಳುವವರೆಗೂ ನಿಲ್ಲಿಸಲಿಲ್ಲ. ಸಾಕು ಮಾಡೆಂದು ವಾಗ್ದೇವಿ ಅಜ್ಜಿಯನ್ನು ಕಣ್ಣಲ್ಲೇ ಬೇಡಿಕೊಂಡಳು. ಅವಳಿಗೆ ಹುಡುಗ ಹಿಡಿಸಿದ್ದ.

"ಈಗ ಹೇಳಪ್ಪ, ನಿಮ್ಮದು ಯಾವ ಗೋತ್ರ?"

ಟಿಕ್. "ಕೌಶಿಕ."

"ನಕ್ಷತ್ರ?"

ಟಿಕ್, ಟಿಕ್. ಸೋದರತ್ತೆಯರ ಹೆಸರು ಕೇಳಿದಾಗಲಂತೂ ಮೀಟರು ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು.

ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಹಿಂದೆಯೇ ಎದ್ದ ಸುಧನ್ವ ಬಾಗಿಲಲ್ಲಿ ತಿರುಗಿ ನಿಂತ.

"ಅಜ್ಜಿ, ಆ ಎಡಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿ. ಮೆಟ್ಟಿಲು ಇಳಿಯೋವಾಗಲೇ ಜಾಸ್ತಿ ನೋವು ಅಂದ್ರಲ್ಲ, ಕಂಬಿ ಹಿಡ್ಕೊಂಡೇ ಇಳೀರಿ."

ಮೀಟರು ಸದ್ದೇ ಮಾಡಲಿಲ್ಲ.

ಕಾವೇರಮ್ಮ ಅವನನ್ನೇ ನೋಡಿದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಮಗನತ್ತ, ಅಂದರೆ ವಾಗ್ದೇವಿಯ ಅಪ್ಪನತ್ತ, ತಿರುಗಿದರು.

"ಲೋ ಶೇಷಗಿರಿ, ನಂಗೆ ಯಾವ ಮಂಡಿ ನೋವೋ?"

ಟಿಕ್. ಟಿಕ್. ಟಿಕ್.

"ಸಾಕು ಬಿಡು," ಎಂದರು ಕಾವೇರಮ್ಮ. "ಎದ್ದು ಹೋಗಿ ಬೀಗರಿಗೆ ಕಾಫಿ ತಾ."