ಕನ್ನಡ ಪತ್ರಿಕೆ ಬರುವ ಕೊನೆಯ ದಿನ

ವಿಜಾಪುರದ ಬಸ್ಸು ಜತ್ತಿನಲ್ಲಿ ನಿಲ್ಲುವ ಮೊದಲೇ ಬಸಗೊಂಡ ಅದರ ಬಾಗಿಲಿಗೆ ಹೋಗಿ ನಿಂತ. ಇಳಿಯುವವರೆಲ್ಲ ಅವನನ್ನು ಬೈದುಕೊಂಡೇ ಇಳಿದರು. ಕಂಡಕ್ಟರ್ ವಾಚನಾಲಯಕ್ಕೆ ಬರುವ ಪತ್ರಿಕೆಯ ಸುರುಳಿಯನ್ನು ಅವನ ಕೈಗೆ ಹಾಕಿ, "ನಾಳಿಂದ ಇದು ಬರೂದಿಲ್ಲಂತ ನೋಡ್ರಿ," ಅಂದ. ಬಸಗೊಂಡನಿಗೆ ಅದು ಎಂಟು ದಿನದಿಂದ ಗೊತ್ತಿತ್ತು.

ಜತ್ತಿನ ವಾಚನಾಲಯಕ್ಕೆ ಮರಾಠಿ ಪತ್ರಿಕೆಗಳು ನಾಲ್ಕು ಬರುತ್ತಿದ್ದವು, ಕನ್ನಡದ್ದು ಇದೊಂದೇ. ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿ, ಜತ್ತ ಮುಂಬಯಿ ರಾಜ್ಯದಲ್ಲೇ ಉಳಿದ ಮೇಲೆ, ಇದನ್ನು ಓದುವವರಿಲ್ಲ ಎಂದು ಕಮಿಟಿಯವರು ನಿಲ್ಲಿಸಿಬಿಟ್ಟರು. ಬಸಗೊಂಡ ಹೋಗಿ ಕೈಮುಗಿದ. ಚೀಲ ಹೊರುವವನ ಮಾತಿಗೆ ಯಾರು ಕಿವಿಗೊಟ್ಟಾರು? "ನಿನಗ ಅಕ್ಷರಾನೇ ಬರೂದಿಲ್ಲ, ಪೇಪರ್ ಯಾಕೋ?" ಎಂದು ನಕ್ಕು ಕಳಿಸಿದರು.

ಆದರೆ ಪತ್ರಿಕೆ ಅವನಿಗೆ ಬೇಕೇ ಬೇಕಿತ್ತು. ಬಾಗೇವಾಡಿ ಕಡೆಯ ಗುರುಲಿಂಗಪ್ಪ ಎಂಬ ರೈತ, ಎತ್ತು ಮಾರುವ ಮಾತಿನಲ್ಲಿ ಹೆಂಡತಿ ಮಗನ ಪಕ್ಷ ಹಿಡಿದಳೆಂದು ಸಿಟ್ಟಿಗೆದ್ದು, ಹೆಗಲಿಗೆ ಕಂಬಳಿ ಹಾಕಿಕೊಂಡು ಮನೆ ಬಿಟ್ಟು ಏಳು ತಿಂಗಳಾಗಿತ್ತು. ಅದೇ ಊರಿನ ಭರಮಣ್ಣನ ತಮ್ಮ ಹಿಂದೊಮ್ಮೆ ಹೀಗೇ ಓಡಿಹೋದಾಗ, 'ಎಲ್ಲಿದ್ದರೂ ಬಾ, ನಿನಗೆ ಯಾರೂ ಏನೂ ಅನ್ನುವುದಿಲ್ಲ' ಎಂದು ಮನೆಯವರು ಇದೇ ಪತ್ರಿಕೆಯಲ್ಲಿ ಹಾಕಿಸಿದ್ದರು. ವಾರದೊಳಗೆ ಮನುಷ್ಯ ಬಾಗಿಲಲ್ಲಿದ್ದ. ಗುರುಲಿಂಗಪ್ಪನ ಹೆಸರಿನಲ್ಲೂ ಆ ಮಾತು ಒಂದು ದಿನ ಬಂದೇ ಬರುತ್ತದೆ ಎಂದು ಬಸಗೊಂಡ ಕಾಯುತ್ತಿದ್ದ.

ಜತ್ತಿನ ಪೇಟೆಗೆ ಬಂದ ಕೆಲವೇ ತಿಂಗಳಲ್ಲಿ ಅವನು ಎಲ್ಲರಿಗೂ ಗೊತ್ತಾಗಿದ್ದ. ಬಿಸಿಲಿರಲಿ, ಚಳಿಯಿರಲಿ, ಎರಡೂ ಕಿವಿ ಮುಚ್ಚುವಂತೆ ತಲೆಗೆ ಪಟಗಾ ಬಿಗಿದುಕೊಂಡು, ದಿನವೂ ಮಧ್ಯಾಹ್ನ ವಾಚನಾಲಯದ ಶ್ರೀಶೈಲಪ್ಪ ಮಾಸ್ತರರ ಮುಂದೆ ಕೂರುತ್ತಿದ್ದ. ಮಾಸ್ತರರು ಅವನಿಗಾಗಿ ಮೊದಲು ಕಾಣೆಯಾದವರ ಪ್ರಕಟಣೆಯನ್ನೇ ಓದುತ್ತಿದ್ದರು. ಗುರುಲಿಂಗಪ್ಪ ಇವನ ತಂಗಿಯ ಗಂಡನಿರಬೇಕು ಎಂದು ಅವರು ತಾವೇ ಊಹಿಸಿಕೊಂಡಿದ್ದರು. ಬಸಗೊಂಡ ಹೌದು ಅಂದಿರಲಿಲ್ಲ, ಅಲ್ಲ ಅಂದಿರಲಿಲ್ಲ.

"ಮೈಮ್ಯಾಲೆ ಗುರ್ತು ಏನರೆ ಅದಾವೇನು?" ಎಂದು ಮಾಸ್ತರರು ಒಮ್ಮೆ ಕೇಳಿದ್ದರು.

"ಎಡಗಿವಿ ಹರದೈತ್ರಿ. ಎತ್ತು ಹಾಯ್ದಿತ್ತು."

"ನೀವೇ ಒಮ್ಮಿ ಆ ಊರಿಗಿ ಹೋಗಿ ಬರಬಾರದೇನು?"

"ಅವರು ಕರೀದ ಆ ಹೊಸ್ತಿಲಾ ಹೆಂಗ ತುಳೀಲಿರಿ?"

ಬೀಗರ ನಡುವಿನ ಬಿಗುಮಾನ ಎಂದುಕೊಂಡು ಮಾಸ್ತರರು ಸುಮ್ಮನಾಗಿದ್ದರು.

ಇವತ್ತು ಅವರು ಸುರುಳಿ ಬಿಚ್ಚಿದರು. ಕಾಣೆಯಾದವರು ಇಬ್ಬರು: ಗದಗಿನ ಒಬ್ಬ ಹೆಣ್ಣುಮಗಳು, ಹಾವೇರಿಯ ಒಬ್ಬ ಅಡಿಗೆಯವ.

"ಇನ್ನೊಮ್ಮಿ ನೋಡ್ರಿ," ಅಂದ ಬಸಗೊಂಡ.

ನೋಡಿದರು. ಗುರುಲಿಂಗಪ್ಪನ ಹೆಸರಿರಲಿಲ್ಲ. ನಾಳೆ ಬಂದರೆ? ನಾಡಿದ್ದು ಬಂದರೆ? ನೋಡುವವರು ಯಾರು, ಓದಿ ಹೇಳುವವರು ಯಾರು? ಇನ್ನೊಬ್ಬರ ಕಣ್ಣನ್ನು ನಂಬಿ ಬದುಕುವವನ ಪಾಡು ಇಷ್ಟೇ ಎಂದು ಬಸಗೊಂಡನಿಗೆ ಅಳು ಬಂತು.

ಪುಟ ತಿರುವುತ್ತಿದ್ದ ಮಾಸ್ತರರ ಕೈ ನಿಂತಿತು. ಜಿಲ್ಲಾ ವಾರ್ತೆಯ ಮೂಲೆಯಲ್ಲಿ ನಾಲ್ಕು ಸಾಲು. ದನಿ ತಗ್ಗಿಸಿ ಓದಿದರು: "ಏಳು ತಿಂಗಳಿಂದ ಕಾಣೆಯಾಗಿದ್ದ ಬಾಗೇವಾಡಿ ತಾಲೂಕಿನ ರೈತ ಗುರುಲಿಂಗಪ್ಪ ಅವರ ಶವವು ಕಳೆದ ವಾರ ಕೃಷ್ಣಾ ನದಿಯ ದಂಡೆಯಲ್ಲಿ ದೊರೆತಿದೆ. ಪತ್ನಿ ಸಾವಿತ್ರೆವ್ವ ಅವರು ಗುರುತು ಹಿಡಿದ ಬಳಿಕ ಅಂತ್ಯಕ್ರಿಯೆ ನೆರವೇರಿತು."

ಮಾಸ್ತರರು ಬಸಗೊಂಡನ ಬೆನ್ನ ಮೇಲೆ ಕೈಯಿಟ್ಟರು.

"ಸಮಾಧಾನ ಮಾಡ್ಕೋರಿ. ಮಣ್ಣರೆ ಚಲೋ ಆತಲ್ಲ. ತಂಗೀ ಕಡಿ ಲಗೂನ ಹೋಗ್ರಿ. ಈಗರೆ ಕರೀಲಿ ಅಂತ ಕುಂದರಬ್ಯಾಡ್ರಿ."

"ಹೆಣಾ ಸಾವಿತ್ರೆವ್ವನೇ ನೋಡಿದಳಂತೇನ್ರಿ?"

"ಹೌದು. ಆಕೀನೇ ಗುರ್ತು ಹಿಡದಾಳ ಅಂತ ಬರದೈತಿ."

ಬಸಗೊಂಡ ಆ ನಾಲ್ಕು ಸಾಲುಗಳನ್ನು ಬಹಳ ಹೊತ್ತು ನೋಡಿದ. ಎಲ್ಲ ಅಕ್ಷರಗಳೂ ಅವನಿಗೆ ಒಂದೇ ತರ ಕಂಡವು.

"ಇಪ್ಪತ್ತಾರು ವರ್ಷ ಬಾಳೇವು ಮಾಡಿದಾಕಿಗೆ ನನ್ನ ಗುರ್ತು ಸಿಗಲಿಲ್ಲೇನ್ರಿ, ಮಾಸ್ತರ?"