ಕೈಕೊಟ್ಟ ಕಾಲು

ಫಿಸಿಯೋ ಸಂಪತ್ ಬಿಂದುಶ್ರೀಯ ಎಡಗಾಲನ್ನು ತುಸು ಮಡಿಸಿ, ಮಂಡಿಯ ಕೆಳಗೆ ಹಿಡಿದು ಮುಂದಕ್ಕೆ ಎಳೆದರು. ಮೂಳೆ ಟಕ್ಕನೆ ನಿಂತಿತು. ಒಂಬತ್ತು ತಿಂಗಳ ಹಿಂದೆ ಆಪರೇಷನ್ ಮಾಡಿ ಹೊಸ ಲಿಗಮೆಂಟ್ ಕೂರಿಸಿದ್ದ ಬಲಗಾಲನ್ನೂ ಹಾಗೆಯೇ ಎಳೆದರು. ಅದು ನಿಲ್ಲದೆ ಮೆತ್ತಗೆ ಜಾರಿ ಬಂತು.

"ನೋವೇನಿಲ್ಲ ಸಾರ್. ಮೆಟ್ಟಿಲಿಳಿಯೋವಾಗ ಒಂದೊಂದ್ಸಲ ಕಾಲು ಕೈಕೊಡತ್ತೆ, ಅಷ್ಟೇ," ಎಂದಳು ಬಿಂದುಶ್ರೀ. "ಭಾನುವಾರ ವಿಜಯನಗರದಲ್ಲಿ ಕಬಡ್ಡಿ ಸೆಲೆಕ್ಷನ್. ಹೋಗ್ಬಹುದಲ್ವಾ?"

"ಕಾಲು ಕೈಕೊಡತ್ತಂತೆ! ಮಾತು ನೋಡಿ ಇವಳ್ದು," ಎಂದು ಪಕ್ಕದಲ್ಲಿ ಕೂತಿದ್ದ ಅಮ್ಮ ನಕ್ಕರು.

ಸಂಪತ್ ನಗಲಿಲ್ಲ. "ನೋವಿಲ್ದಿದ್ರೂ ಹಿಂಗೆ ಜಾರಬಾರ್ದಮ್ಮ. ಹೊಸ ಲಿಗಮೆಂಟ್ ಹರಿದಿರೋ ಹಾಗಿದೆ. ಎಂಆರ್‌ಐ ಮಾಡಿಸ್ಬೇಕು."

"ಇನ್ನೊಂದ್ಸಲ ಎಳೀರಿ ಸಾರ್."

ಅವರು ಎಳೆದರು. ಆ 'ಟಕ್'ಗಾಗಿ ಅವಳು ಉಸಿರು ಬಿಗಿಹಿಡಿದು ಕಾದಳು. ಕಾಲು ಸದ್ದಿಲ್ಲದೆ ಮುಂದೆ ಬಂತು.